ಸ್ಟ್ಯಾಟಿಕ್ ರೂಟ್: ಕಚೇರಿ ಕಂಪ್ಯೂಟರುಗಳಲ್ಲಿ ದೋಷಪತ್ತೆ

ಸ್ಟ್ಯಾಟಿಕ್ ರೂಟ್ : ಒಂದು ನಿರ್ದಿಷ್ಟ ಜಾಲಕ್ಕೆ ಹೊರಟ ಪ್ಯಾಕೆಟ್‌ಗಳು ಯಾವ ಗೇಟ್‌ವೇ ಹಿಡಿದು ಸಾಗಬೇಕೆಂದು ಕಂಪ್ಯೂಟರಿಗೋ ರೂಟರಿಗೋ ಮನುಷ್ಯರೇ ಬರೆದಿಟ್ಟ ಸ್ಥಿರ ಸೂಚನೆ. ಜಾಲ ಬದಲಾದಾಗ ಈ ಸೂಚನೆ ತಾನಾಗಿ ಬದಲಾಗದು. ಒಂದೇ ಕಚೇರಿಯಲ್ಲಿ ಇಂಟರ್‌ನೆಟ್‌ಗೆ ಬ್ರಾಡ್‌ಬ್ಯಾಂಡ್, ಇಲಾಖೆಯ ಅಥವಾ ಬ್ಯಾಂಕಿನ ಸರ್ವರಿಗೆ ಖಾಸಗಿ ಜಾಲ ಎಂದು ಎರಡು ಸಂಪರ್ಕಗಳಿದ್ದಾಗ ಇದರ ಅಗತ್ಯ ಬೀಳುತ್ತದೆ. ಅದು ಕೆಟ್ಟರೆ ಇಂಟರ್‌ನೆಟ್ ಎಂದಿನಂತೆ ನಡೆಯುತ್ತದೆ, ಕಚೇರಿಯ ತಂತ್ರಾಂಶ ಮಾತ್ರ ತೆರೆಯುವುದಿಲ್ಲ. ಕೌಂಟರಿನಲ್ಲಿ ಆಗ ಕೇಳಿಬರುವ ಉತ್ತರ ‘ಸರ್ವರ್ ಡೌನ್’. ಸರ್ವರ್ ಸುಸ್ಥಿತಿಯಲ್ಲಿದ್ದು, ಕೆಟ್ಟದ್ದು ಎದುರಿಗಿರುವ ಕಂಪ್ಯೂಟರಿನಲ್ಲಿ ಈ ಸೂಚನೆಯ ಒಂದು ಸಾಲು ಆಗಿರುವ ಸಾಧ್ಯತೆ ಉಂಟು. ಮಡಕಶಿರ, ರಾಯದುರ್ಗದಂಥ ಗಡಿ ಪಟ್ಟಣಗಳ ಕಚೇರಿಗೆ ಅಗಳಿಯಿಂದಲೋ ಡಿ. ಹಿರೇಹಾಳಿನಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದವರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳಿಸುವ ಮುನ್ನ ಆ ಸಾಲನ್ನು ಪರೀಕ್ಷಿಸಬೇಕು. ಪರೀಕ್ಷೆಗೆ ಬೇಕಾದ ಸಾಧನಗಳೆಲ್ಲ ಅದೇ ಕಂಪ್ಯೂಟರಿನೊಳಗೆ ಇವೆ.

ರಾಯದುರ್ಗ ಮತ್ತು ಮಡಕಶಿರದ ಹಿನ್ನೆಲೆ

ಆಂಧ್ರಪ್ರದೇಶದ ಈ ಎರಡು ಪಟ್ಟಣಗಳ ಸುತ್ತ ಕನ್ನಡ ಮನೆಮಾತಾಗಿರುವ ಊರುಗಳು ಹಲವು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ, ಆಂಧ್ರ ರಾಜ್ಯ ರಚನೆಯಾದ 1953ರ ಅಕ್ಟೋಬರ್ 1ರಂದು ಆ ರಾಜ್ಯಕ್ಕೆ ಸೇರಿ ಅನಂತಪುರ ಜಿಲ್ಲೆಯ ಭಾಗವಾಯಿತು. ಮಡಕಶಿರ, ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ ಮಂಡಲಗಳ ಸೀಮೆಯನ್ನು ಕರ್ನಾಟಕ ಮೂರು ಕಡೆಯಿಂದ ಬಳಸಿದೆ. 2022ರ ಏಪ್ರಿಲ್ 4ರಂದು ಹೊಸ ಜಿಲ್ಲೆಗಳು ಜಾರಿಗೆ ಬಂದಾಗ ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಮಡಕಶಿರ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು.

ಈ ಆಡಳಿತ ಚರಿತ್ರೆಗೂ ಕಚೇರಿಯ ಜಾಲಕ್ಕೂ ನಂಟಿದೆ. 1998ರಲ್ಲಿ ಆಂಧ್ರಪ್ರದೇಶದ ನೋಂದಣಿ ಇಲಾಖೆ ‘ಕಾರ್ಡ್’ ಯೋಜನೆಯಡಿ ಗಣಕೀಕರಣ ಆರಂಭಿಸಿದಾಗ ಉಪನೋಂದಣಿ ಕಚೇರಿಯ ಸರ್ವರ್ ಆಯಾ ಕಚೇರಿಯೊಳಗೇ ಇರುತ್ತಿತ್ತು. ಒಂದೇ ಕೋಣೆಯ ಜಾಲಕ್ಕೆ ಮಾರ್ಗಸೂಚನೆ ಬೇಡ. ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿಗೆ ನೀಡಿದ ರಾಜ್ಯವ್ಯಾಪಿ ಜಾಲ ಯೋಜನೆ ರಾಜಧಾನಿ, ಜಿಲ್ಲಾ ಕೇಂದ್ರ, ಬ್ಲಾಕ್ ಎಂಬ ಮೂರು ಹಂತಗಳನ್ನು ಕನಿಷ್ಠ 2 ಎಂಬಿಪಿಎಸ್ ವೇಗದಲ್ಲಿ ಬೆಸೆಯುವ ಗುರಿ ಹೊಂದಿತ್ತು. ಮುಂದೆ ವಿದ್ಯುತ್ ಕಂಬಗಳ ಮೇಲೆ ಕೇಬಲ್ ಎಳೆದ ಆಂಧ್ರಪ್ರದೇಶ ಫೈಬರ್‌ನೆಟ್ ಬಂತು. 2017ರ ಡಿಸೆಂಬರಿನಲ್ಲಿ ಅದರ ಉದ್ಘಾಟನೆಯಾಯಿತು. ಹೀಗೆ ಸರ್ವರ್ ಕೋಣೆಯಿಂದ ಹೊರಗೆ, ದೂರದ ಡೇಟಾ ಸೆಂಟರಿಗೆ ಹೋದಂತೆಲ್ಲ ಅದನ್ನು ಮುಟ್ಟುವ ದಾರಿಯೂ ಉದ್ದವಾಯಿತು. ಜಿಲ್ಲಾ ಕೇಂದ್ರವನ್ನು ಹಾದುಹೋಗುವ ಜಾಲದಲ್ಲಿ ಕೇಂದ್ರವೇ ಬದಲಾಗಿ ಸರ್ವರಿನ ಅಥವಾ ಗೇಟ್‌ವೇಯ ವಿಳಾಸಗಳೂ ಬದಲಾದರೆ, ಕೈಯಾರೆ ಬರೆದ ಪ್ರತಿ ಸಾಲನ್ನೂ ಕೈಯಾರೆ ತಿದ್ದಬೇಕಾಗುತ್ತದೆ.

ಕಾರ್ಯವಿಧಾನ

ಪ್ರತಿ ಕಂಪ್ಯೂಟರಿನಲ್ಲೂ ಒಂದು ರೂಟಿಂಗ್ ಟೇಬಲ್ ಇರುತ್ತದೆ. ಅದರ ಪ್ರತಿ ಸಾಲಿನಲ್ಲಿ ಗುರಿಯ ಜಾಲ, ಮಾಸ್ಕ್, ಗೇಟ್‌ವೇ, ಇಂಟರ್‌ಫೇಸ್, ಮೆಟ್ರಿಕ್ ಎಂಬ ಐದು ಅಂಶಗಳು. ಪ್ಯಾಕೆಟ್ ಹೊರಡುವಾಗ ಕಂಪ್ಯೂಟರ್ ಗುರಿಯ ವಿಳಾಸಕ್ಕೆ ಹೊಂದುವ ಸಾಲುಗಳನ್ನೆಲ್ಲ ನೋಡಿ, ಅವುಗಳಲ್ಲಿ ಅತಿ ನಿಖರವಾದುದನ್ನು, ಅಂದರೆ ಅತಿ ಉದ್ದದ ಮಾಸ್ಕ್ ಉಳ್ಳದ್ದನ್ನು, ಆರಿಸುತ್ತದೆ. ಎರಡು ಸಾಲುಗಳು ಸಮಾನ ನಿಖರತೆಯವಾದರೆ ಕಡಿಮೆ ಮೆಟ್ರಿಕ್ ಇರುವುದು ಗೆಲ್ಲುತ್ತದೆ. ಯಾವುದೂ ಹೊಂದದಿದ್ದರೆ ಡಿಫಾಲ್ಟ್ ಗೇಟ್‌ವೇ. ರಾಯದುರ್ಗದ ಬಸ್ ನಿಲ್ದಾಣದಲ್ಲಿ ಮಡಕಶಿರಕ್ಕೆ ಹೊರಟವರಿಗೆ ಮೊದಲು ಯಾವ ಬಸ್ ಹತ್ತಬೇಕೆಂದಷ್ಟೇ ಹೇಳಿ ಕಳಿಸುವಂತೆ, ಈ ಟೇಬಲ್ ಮುಂದಿನ ಒಂದು ನಿಲುಗಡೆಯನ್ನು ಮಾತ್ರ ಹೇಳುತ್ತದೆ. ಉಳಿದ ದಾರಿ ಮುಂದಿನ ರೂಟರುಗಳ ಹೊಣೆ.

ಉದಾಹರಣೆಗೆ ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳಬಹುದು. ಒಳಜಾಲ 192.168.10.0/24, ಬ್ರಾಡ್‌ಬ್ಯಾಂಡ್ ರೂಟರ್ 192.168.10.1, ಇಲಾಖೆಯ ರೂಟರ್ 192.168.10.254, ದೂರದ ಸರ್ವರ್ 10.20.5.15. ಇವೆಲ್ಲ 1996ರ ಆರ್‌ಎಫ್‌ಸಿ 1918 ಎಂಬ ಇಂಟರ್‌ನೆಟ್ ದಾಖಲೆ ಖಾಸಗಿ ಬಳಕೆಗೆಂದು ಮೀಸಲಿಟ್ಟ ವಿಳಾಸಗಳು. ತೆರೆದ ಇಂಟರ್‌ನೆಟ್‌ನಲ್ಲಿ ಇವಕ್ಕೆ ದಾರಿಯಿಲ್ಲ. ಆದ್ದರಿಂದ ‘10.0.0.0, ಮಾಸ್ಕ್ 255.0.0.0, ಗೇಟ್‌ವೇ 192.168.10.254’ ಎಂಬ ಸಾಲು ಟೇಬಲ್‌ನಲ್ಲಿ ಇಲ್ಲವಾದರೆ ಸರ್ವರಿಗೆ ಹೊರಟ ಪ್ಯಾಕೆಟ್ ಬ್ರಾಡ್‌ಬ್ಯಾಂಡ್ ಕಡೆ ಹೋಗಿ ಅಲ್ಲೇ ಕಳೆದುಹೋಗುತ್ತದೆ.

ದೋಷದ ಬಗೆಗಳು

ಉಳಿಯದ ಸಾಲು : ವಿಂಡೋಸ್‌ನಲ್ಲಿ ‘ರೂಟ್ ಆ್ಯಡ್’ ಆದೇಶದಿಂದ ಸೇರಿಸಿದ ಸಾಲು ಕಂಪ್ಯೂಟರ್ ಮತ್ತೆ ಆರಂಭವಾದಾಗ ಅಳಿಯುತ್ತದೆ, ಉಳಿಯಬೇಕಾದರೆ ‘-ಪಿ’ ಗುರುತು ಸೇರಿಸಬೇಕು. ಲಿನಕ್ಸ್‌ನ ‘ಐಪಿ ರೂಟ್ ಆ್ಯಡ್’ ಕೂಡ ತಾತ್ಕಾಲಿಕ. ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಸೇರಿದಂತೆ ಎಲ್ಲೆಡೆ ಸಾಲನ್ನು ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ದಾಖಲಿಸಬೇಕು. ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಸಿಗುತ್ತಿಲ್ಲ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಕೈಗೆಟುಕದ ಗೇಟ್‌ವೇ : ಗೇಟ್‌ವೇ ಕಂಪ್ಯೂಟರ್ ಇರುವ ಒಳಜಾಲದಲ್ಲೇ ಇರಬೇಕು. ಬ್ರಾಡ್‌ಬ್ಯಾಂಡ್ ಮೋಡೆಮ್ ಬದಲಾಯಿಸಿದಾಗ ಹೊಸದು 192.168.1.x ಸರಣಿಯ ವಿಳಾಸ ಹಂಚತೊಡಗಿದರೆ, 192.168.10.254 ಅದೇ ಕೋಣೆಯಲ್ಲಿದ್ದೂ ಕಂಪ್ಯೂಟರಿಗೆ ಸಿಗುವುದಿಲ್ಲ. ಆಗ ವಿಂಡೋಸ್‌ನಲ್ಲಿ ಆ ಸಾಲು ಶಾಶ್ವತ ಪಟ್ಟಿಯಲ್ಲಿ ಕಾಣಿಸಿಯೂ ಸಕ್ರಿಯ ಪಟ್ಟಿಯಲ್ಲಿ ಇರುವುದಿಲ್ಲ. ದುರಸ್ತಿ ಮಾಡಬೇಕಾದದ್ದು ರೂಟನ್ನಲ್ಲ, ಒಳಜಾಲದ ವಿಳಾಸವನ್ನು.

ತಪ್ಪು ಮಾಸ್ಕ್ : 10.20.5.0ಗೆ 255.255.255.0 ಕೊಟ್ಟರೆ 256 ವಿಳಾಸಗಳಷ್ಟೇ ಅದರ ವ್ಯಾಪ್ತಿಗೆ ಬರುತ್ತವೆ. ಸರ್ವರನ್ನು 10.20.6.15ಕ್ಕೆ ಸ್ಥಳಾಂತರಿಸಿದ ದಿನ ಹಳೆಯ ಸಾಲು ನಿಷ್ಪ್ರಯೋಜಕ. 10.20.4.0/22 ಎಂದು ಬರೆದಿದ್ದರೆ 10.20.7.255ರವರೆಗಿನ 1024 ವಿಳಾಸಗಳೂ ಒಳಗಾಗುತ್ತಿದ್ದವು. ಗುರಿಯ ಜಾಲ ಮತ್ತು ಮಾಸ್ಕ್ ಪರಸ್ಪರ ಹೊಂದದಿದ್ದರೆ ವಿಂಡೋಸ್ ಸಾಲನ್ನೇ ತಿರಸ್ಕರಿಸುತ್ತದೆ. ಅಡ್ಮಿನಿಸ್ಟ್ರೇಟರ್ ಅನುಮತಿಯಿಲ್ಲದ ಕಮಾಂಡ್ ಕಿಟಕಿಯಲ್ಲೂ ಆದೇಶ ವಿಫಲವಾಗುತ್ತದೆ.

ಎರಡು ಡಿಫಾಲ್ಟ್ ಗೇಟ್‌ವೇ : ಕೇಬಲ್ ಮತ್ತು ವೈ-ಫೈ ಎರಡನ್ನೂ ಜೋಡಿಸಿದಾಗ, ಅಥವಾ ಬ್ರಾಡ್‌ಬ್ಯಾಂಡ್ ನಿಂತಿತೆಂದು ಮೊಬೈಲ್ ಹಾಟ್‌ಸ್ಪಾಟ್ ಹಿಡಿದಾಗ ಹೀಗಾಗುತ್ತದೆ. ವಿಂಡೋಸ್ ರೂಟಿನ ಮೆಟ್ರಿಕ್‌ಗೆ ಇಂಟರ್‌ಫೇಸಿನ ಮೆಟ್ರಿಕ್ ಕೂಡಿಸಿ ನೋಡುವುದರಿಂದ ಆಯ್ಕೆ ಎಣಿಸಿದಂತೆ ಇರದೆ ಹೋಗಬಹುದು. ಕೇಬಲ್ ಕಿತ್ತು ಹಾಟ್‌ಸ್ಪಾಟ್ ಒಂದನ್ನೇ ಬಳಸಿದರೆ ಇಲಾಖೆಯ ರೂಟರ್ ಸಂಪರ್ಕವೇ ತಪ್ಪುತ್ತದೆ. ಗಡಿಯಲ್ಲಿ ಮೊಬೈಲ್ ಯಾವ ರಾಜ್ಯದ ಟವರ್ ಹಿಡಿದಿದೆ ಎಂಬುದು ಇಲ್ಲಿ ಗೌಣ. ಇಂಟರ್‌ನೆಟ್ ಮೂಲಕ ಖಾಸಗಿ ಜಾಲಕ್ಕೆ ಸೇರಿಸುವ ವಿಪಿಎನ್ ಇಲ್ಲದೆ ಖಾಸಗಿ ಸರ್ವರ್ ಯಾವ ಟವರಿನಿಂದಲೂ ಸಿಗದು.

ಹಿಂದಿರುಗುವ ದಾರಿಯಿಲ್ಲದಿರುವುದು : ಪ್ಯಾಕೆಟ್ ಸರ್ವರನ್ನು ಮುಟ್ಟಿದರೆ ಸಾಲದು, ಉತ್ತರ ಮರಳಬೇಕು. ಸರ್ವರ್ ಕಡೆಯ ರೂಟರಿಗೆ 192.168.10.0/24 ಎಲ್ಲಿದೆಯೆಂದು ತಿಳಿಯದಿದ್ದು, ಇಲಾಖೆಯ ರೂಟರ್ ವಿಳಾಸ ಪರಿವರ್ತನೆಯನ್ನೂ ಮಾಡದಿದ್ದರೆ, ಕಂಪ್ಯೂಟರಿನ ಟೇಬಲ್ ಸರಿಯಿದ್ದೂ ಸಂಪರ್ಕ ಏರ್ಪಡುವುದಿಲ್ಲ. ಇದನ್ನು ಕೌಂಟರಿನಲ್ಲಿ ಕುಳಿತು ಸರಿಪಡಿಸಲಾಗದು. ಆದರೆ ಕಚೇರಿಯ ಒಳಗಿನ ದೋಷ ಇದಲ್ಲವೆಂದು ತೋರಿಸಿಕೊಡಬಹುದು.

ವಿಪಿಎನ್ ಮತ್ತು ಡಿಎನ್‌ಎಸ್ : ವಿಪಿಎನ್ ತಂತ್ರಾಂಶ ತನ್ನದೇ ಸಾಲುಗಳನ್ನು ಸೇರಿಸುತ್ತದೆ, ಅವು ಹೆಚ್ಚು ನಿಖರವಾಗಿದ್ದರೆ ಹಳೆಯ ಸ್ಟ್ಯಾಟಿಕ್ ರೂಟನ್ನು ಮೀರುತ್ತವೆ. ಇನ್ನು ಸರ್ವರಿನ ಹೆಸರು ಬೇರೆ ವಿಳಾಸಕ್ಕೆ ತಿರುಗುತ್ತಿದ್ದರೆ ದೋಷ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ನದು.

ಪತ್ತೆಯ ಕ್ರಮ

ಪರೀಕ್ಷೆ ಹತ್ತಿರದಿಂದ ದೂರಕ್ಕೆ ಸಾಗಬೇಕು. ಪಕ್ಕದ ಕಂಪ್ಯೂಟರಿನಲ್ಲಿ ತಂತ್ರಾಂಶ ತೆರೆಯುತ್ತಿದ್ದರೆ ದೋಷ ಒಂದೇ ಯಂತ್ರದ್ದು. ಎರಡರ ಟೇಬಲ್‌ಗಳನ್ನು ಹೋಲಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಮೊದಲ ಹೆಜ್ಜೆ ‘ಐಪಿಕಾನ್ಫಿಗ್’. ಕಂಪ್ಯೂಟರಿನ ವಿಳಾಸ ನಿರೀಕ್ಷಿತ ಸರಣಿಯಲ್ಲಿದೆಯೇ ನೋಡಬೇಕು. 169.254ರಿಂದ ಆರಂಭವಾಗುವ ವಿಳಾಸ ಕಂಡರೆ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಏನೂ ಬಂದಿಲ್ಲ. ಕೇಬಲ್ ಮತ್ತು ಸ್ವಿಚ್ ಪರೀಕ್ಷಿಸಬೇಕು. ಎರಡನೆಯದು ‘ರೂಟ್ ಪ್ರಿಂಟ್’. ಸಾಲು ಸಕ್ರಿಯ ಪಟ್ಟಿಯಲ್ಲಿದೆಯೇ, ಅದೇ ಗುರಿಗೆ ಹಳೆಯ ಸಾಲೊಂದು ಉಳಿದಿದೆಯೇ ಗಮನಿಸಬೇಕು. ಒಂದು ವಿಳಾಸಕ್ಕೆ ಯಂತ್ರ ನಿಜಕ್ಕೂ ಯಾವ ಸಾಲನ್ನು ಆರಿಸುತ್ತದೆಂಬುದನ್ನು ಪವರ್‌ಶೆಲ್‌ನಲ್ಲಿ ‘ಫೈಂಡ್-ನೆಟ್‌ರೂಟ್’, ಲಿನಕ್ಸ್‌ನಲ್ಲಿ ‘ಐಪಿ ರೂಟ್ ಗೆಟ್’ ತಿಳಿಸುತ್ತವೆ.

ಮೂರನೆಯದು ಗೇಟ್‌ವೇಗೆ ‘ಪಿಂಗ್’. ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಬರೆದ ಈ ಪುಟ್ಟ ಉಪಕರಣ ಇಂದಿಗೂ ಜಾಲಪರೀಕ್ಷೆಯ ಮೊದಲ ಸಾಧನ. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚೆಬಲ್’ ಎಂಬ ಉತ್ತರ ಸ್ವಂತ ಕಂಪ್ಯೂಟರಿನ ವಿಳಾಸದಿಂದಲೇ ಬಂದರೆ ಗೇಟ್‌ವೇ ಒಳಜಾಲದಲ್ಲಿ ಸಿಕ್ಕಿಲ್ಲ. ‘ಎಆರ್‌ಪಿ -ಎ’ ಪಟ್ಟಿಯಲ್ಲಿ ಅದರ ವಿಳಾಸವೂ ಇರದು. ಇಲಾಖೆಯ ರೂಟರಿನ ವಿದ್ಯುತ್ ಮತ್ತು ಕೇಬಲ್ ನೋಡಬೇಕು.

ನಾಲ್ಕನೆಯದು ಸರ್ವರಿಗೆ ‘ಟ್ರೇಸರ್ಟ್’. ಹೆಸರು ಹುಡುಕುತ್ತ ಕಾಯದಂತೆ ‘-ಡಿ’ ಗುರುತು ಸೇರಿಸುವುದು ಒಳ್ಳೆಯದು. ಮೊದಲ ಸಾಲಿನಲ್ಲಿ 192.168.10.254 ಬಂದರೆ ಕಂಪ್ಯೂಟರಿನ ರೂಟ್ ಸರಿಯಾಗಿ ಕೆಲಸ ಮಾಡುತ್ತಿದೆ. 192.168.10.1 ಬಂದರೆ ಪ್ಯಾಕೆಟ್ ಬ್ರಾಡ್‌ಬ್ಯಾಂಡ್‌ಗೆ ಹೋಗುತ್ತಿದೆ. ಸಾಲು ಇಲ್ಲ, ಇಲ್ಲವೇ ಮಾಸ್ಕಿನ ವ್ಯಾಪ್ತಿ ಕಿರಿದಾಗಿದೆ. ಮೊದಲ ಸಾಲು ಸರಿಯಿದ್ದು ಮುಂದೆಲ್ಲ ನಕ್ಷತ್ರಗಳೇ ಕಂಡರೆ ದೋಷ ಹೊರಗಿನದಿರಬಹುದು.

‘ಇರಬಹುದು’ ಎನ್ನಲು ಕಾರಣವಿದೆ. ಪಿಂಗ್ ಮತ್ತು ಟ್ರೇಸರ್ಟ್ ಬಳಸುವ ಸಂದೇಶಗಳನ್ನು ಫೈರ್‌ವಾಲ್‌ಗಳು ತಡೆಯುವುದುಂಟು. ಆದ್ದರಿಂದ ಐದನೆಯ ಹೆಜ್ಜೆಯಾಗಿ ‘ಟೆಸ್ಟ್-ನೆಟ್‌ಕನೆಕ್ಷನ್’ ಮೂಲಕ ತಂತ್ರಾಂಶ ಬಳಸುವ ಪೋರ್ಟನ್ನೇ, ಉದಾಹರಣೆಗೆ 443 ಅನ್ನು, ಮುಟ್ಟಿ ನೋಡಬೇಕು. ಪೋರ್ಟ್ ತೆರೆದಿದ್ದೂ ತಂತ್ರಾಂಶ ನಡೆಯದಿದ್ದರೆ ರೂಟಿನ ಮೇಲಿನ ಸಂಶಯ ಬಿಟ್ಟು ಬ್ರೌಸರ್, ಡಿಎನ್‌ಎಸ್, ಲಾಗಿನ್ ಕಡೆ ಗಮನ ಹರಿಸಬೇಕು.

ದುರಸ್ತಿ ಮತ್ತು ಮುನ್ನೆಚ್ಚರಿಕೆ

ತಪ್ಪು ಸಾಲಿನ ಮೇಲೆ ಹೊಸ ಸಾಲು ಹೇರದೆ, ಮೊದಲು ‘ರೂಟ್ ಡಿಲೀಟ್’ನಿಂದ ಹಳೆಯದನ್ನು ತೆಗೆಯಬೇಕು, ಇಲ್ಲದಿದ್ದರೆ ಎರಡೂ ಉಳಿದು ಗೊಂದಲ ಹೆಚ್ಚುತ್ತದೆ. ‘ರೂಟ್ -ಎಫ್’ ಡಿಫಾಲ್ಟ್ ಗೇಟ್‌ವೇ ಸಮೇತ ಗೇಟ್‌ವೇ ಸಾಲುಗಳನ್ನೆಲ್ಲ ಅಳಿಸುವುದರಿಂದ ಕೆಲಸದ ವೇಳೆಯಲ್ಲಿ ಅದನ್ನು ಬಳಸಬಾರದು. ಇಲಾಖೆಯ ಜಾಲ ಮತ್ತು ಇಂಟರ್‌ನೆಟ್ ಎರಡನ್ನೂ ಒಂದೇ ಯಂತ್ರಕ್ಕೆ ಜೋಡಿಸುವುದು ಸುರಕ್ಷತೆಯ ಪ್ರಶ್ನೆಯೂ ಹೌದು. ಜಾಲದ ಆಡಳಿತಗಾರರ ಒಪ್ಪಿಗೆಯಿಲ್ಲದೆ ಮಾಡಬಾರದು.

ಯಂತ್ರಗಳು ಹೆಚ್ಚಿದ್ದಲ್ಲಿ ಪ್ರತಿಯೊಂದರಲ್ಲೂ ಸಾಲು ಬರೆಯುವ ಬದಲು ಡಿಎಚ್‌ಸಿಪಿಯ 121ನೇ ಆಯ್ಕೆಯ ಮೂಲಕ ಎಲ್ಲಕ್ಕೂ ಒಮ್ಮೆಗೇ ಹಂಚಬಹುದು. 2002ರ ಆರ್‌ಎಫ್‌ಸಿ 3442 ಇದನ್ನು ನಿರೂಪಿಸಿದೆ. ಸಾಲನ್ನು ರೂಟರಿನಲ್ಲೇ ಬರೆಯುವುದೂ ಸಾಧ್ಯ. ಆದರೆ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದಾದರೆ ಅದರ ಫೈರ್‌ವಾಲ್ ಸಂಪರ್ಕವನ್ನು ಕಡಿಯಬಹುದು. ರೂಟರುಗಳ ನಡುವೆ ಓಎಸ್‌ಪಿಎಫ್‌ನಂಥ ಡೈನಮಿಕ್ ರೂಟಿಂಗ್ ಇರುವ ದೊಡ್ಡ ಜಾಲಗಳಲ್ಲಿ ಕಚೇರಿ ಕಂಪ್ಯೂಟರಿಗೆ ಒಂದು ಡಿಫಾಲ್ಟ್ ಗೇಟ್‌ವೇ ಸಾಕು.

ಸ್ಟ್ಯಾಟಿಕ್ ರೂಟ್ ಒಬ್ಬ ವ್ಯಕ್ತಿಯ ತಿಳಿವಳಿಕೆಯನ್ನು ಯಂತ್ರದಲ್ಲಿ ಬಿಟ್ಟುಹೋಗುತ್ತದೆ. ಆ ವ್ಯಕ್ತಿ ವರ್ಗವಾದರೆ ಸಾಲು ಉಳಿದು ಕಾರಣ ಮರೆಯಾಗುತ್ತದೆ. ಅದಕ್ಕಾಗಿ ಪ್ರತಿ ಸಾಲಿನ ಗುರಿ, ಮಾಸ್ಕ್, ಗೇಟ್‌ವೇ, ಉದ್ದೇಶ, ಬರೆದ ದಿನಾಂಕಗಳನ್ನು ಒಂದು ಹಾಳೆಯಲ್ಲಿ, ಸಿಬ್ಬಂದಿ ಓದುವ ತೆಲುಗಿನಲ್ಲೋ ಕನ್ನಡದಲ್ಲೋ ಬರೆದಿಡಬೇಕು; ಎಲ್ಲವೂ ಸರಿಯಿರುವ ದಿನದ ‘ರೂಟ್ ಪ್ರಿಂಟ್’ ಮತ್ತು ‘ಟ್ರೇಸರ್ಟ್’ ಫಲಿತಾಂಶಗಳನ್ನು ಮುದ್ರಿಸಿ ಜೊತೆಗಿಡಬೇಕು. ಮಡಕಶಿರಕ್ಕೆ ಹಿಂದೂಪುರದಿಂದಲೋ, ರಾಯದುರ್ಗಕ್ಕೆ ಅನಂತಪುರದಿಂದಲೋ ತಂತ್ರಜ್ಞರು ಬರುವವರೆಗೆ ಕಾಯದೆ, ಕಚೇರಿಯ ಗುಮಾಸ್ತರೇ ಅಂದಿನ ಫಲಿತಾಂಶವನ್ನು ಆ ಹಾಳೆಯೊಂದಿಗೆ ಹೋಲಿಸಿ ದಾರಿ ಎಲ್ಲಿ ತಪ್ಪಿದೆಯೆಂದು ಫೋನಿನಲ್ಲೇ ಖಚಿತವಾಗಿ ಹೇಳಬಲ್ಲರು.