ಮುಕ್ತ ಟೆಸ್ಟೋಸ್ಟಿರೋನ್

ರಕ್ತದಲ್ಲಿ ಯಾವ ಪ್ರೋಟೀನಿಗೂ ಅಂಟಿಕೊಳ್ಳದೆ ಸಂಚರಿಸುವ ಟೆಸ್ಟೋಸ್ಟಿರೋನಿನ ಅಂಶ. ಪುರುಷರ ವೃಷಣಗಳಲ್ಲಿಯೂ ಸ್ತ್ರೀಯರ ಅಂಡಾಶಯಗಳಲ್ಲಿಯೂ ಅಡ್ರಿನಲ್ ಗ್ರಂಥಿಗಳಲ್ಲಿಯೂ ಉತ್ಪನ್ನವಾಗುವ ಈ ಹಾರ್ಮೋನಿನ ಬಹುಭಾಗವನ್ನು, ಯಕೃತ್ತಿನಲ್ಲಿ ಸಿದ್ಧವಾಗುವ ಲಿಂಗಹಾರ್ಮೋನು ಬಂಧಕ ಗ್ಲಾಬ್ಯುಲಿನ್ ಬಿಗಿಯಾಗಿಯೂ ಆಲ್ಬುಮಿನ್ ಸಡಿಲವಾಗಿಯೂ ಹಿಡಿದಿರಿಸುವುದರಿಂದ, ಶೇಕಡಾ 1ರಿಂದ 3ರಷ್ಟು ಮಾತ್ರ ಮುಕ್ತವಾಗಿ ಉಳಿಯುತ್ತದೆ. ಅಲ್ಪವಾದ ಈ ಅಂಶವೇ ಕೋಶಪೊರೆಯನ್ನು ಸುಲಭವಾಗಿ ದಾಟಿ, ಒಳಗಿನ ಗ್ರಾಹಕವನ್ನು ಕೂಡಿ ಜೀನುಗಳನ್ನು ಕಾರ್ಯೋನ್ಮುಖಗೊಳಿಸತಕ್ಕದ್ದು. ಆದುದರಿಂದ ಒಟ್ಟು ಪ್ರಮಾಣ ಸಮನಾಗಿರುವ ಇಬ್ಬರ ದೇಹಗಳಲ್ಲಿ ಪರಿಣಾಮ ಬೇರೆಬೇರೆಯಾಗಿದ್ದರೆ ಅಚ್ಚರಿಯಿಲ್ಲ.

ಸ್ನಾಯುಪುಷ್ಟಿ, ಮೂಳೆಗಳ ದಾರ್ಢ್ಯ, ಕೆಂಪು ರಕ್ತಕಣಗಳ ಉತ್ಪತ್ತಿ, ಗಡ್ಡಮೀಸೆ, ಧ್ವನಿಯ ಗಾಂಭೀರ್ಯ, ಕಾಮಾಸಕ್ತಿ ಇವೆಲ್ಲವೂ ಈ ಹಾರ್ಮೋನಿಗೆ ಅಧೀನವಾದವು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಇದನ್ನು ಮೊದಲು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ಹೋರಿಗಳ ವೃಷಣಗಳಿಂದ. ಎಳೆಯದರಲ್ಲಿಯೇ ಬೀಜ ಒಡೆದ ಎತ್ತಿನ ಹಿಣಿಲು ಗೂಳಿಯದರಷ್ಟು ಏಕೆ ಬೆಳೆಯದೆಂಬುದಕ್ಕೆ ಕಾರಣವೂ ಇಲ್ಲಿಯೇ ಇದೆ.

ರಾವಂದೂರು, ಹುಣಸೂರು, ಹೆಗ್ಗಡದೇವನಕೋಟೆಯ ಕಡೆಯವರಿಗೆ ಇದರ ಪ್ರಭಾವದ ಮಹತ್ತರ ನಿದರ್ಶನ ನಾಗರಹೊಳೆಯ ಕಾಡಿನಲ್ಲಿದೆ. ಸಲಗಕ್ಕೆ ಮದವೇರಿದಾಗ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಹಲವು ಪಟ್ಟು ಏರುತ್ತದೆ. ಕಣ್ಣು ಕಿವಿಗಳ ನಡುವಣ ಗ್ರಂಥಿಯಿಂದ ಕವಿಗಳು ವರ್ಣಿಸಿ ದಣಿಯದ ಮದಜಲವು ಒಸರಿ ಕೆನ್ನೆಯ ಮೇಲೆ ಕಪ್ಪನೆಯ ಕರೆಗಟ್ಟುತ್ತದೆ, ತೊಟ್ಟಿಕ್ಕುವ ಮೂತ್ರದಿಂದ ಹಿಂಗಾಲುಗಳು ತೊಯ್ದಿರುತ್ತವೆ. ಆಗ ಸಾಕಾನೆಯಾದರೆ ಮಾವುತನೂ ಕಾವಾಡಿಯೂ, ನಿನ್ನೆಯವರೆಗೆ ಮಾತು ಕೇಳುತ್ತಿದ್ದ ಆನೆಯನ್ನು ಸರಪಳಿಯಲ್ಲಿ ಕಟ್ಟಿ, ದೂರದಿಂದಲೇ ಮೇವು ನೀಡುವರು. ಮನುಷ್ಯರಲ್ಲಿ ಇಂಥ ಋತುಮಾನದ ಉಬ್ಬರವಿಲ್ಲ. ಕೋಪಿಷ್ಠನಾದ ಪ್ರತಿಯೊಬ್ಬನನ್ನೂ ಹಾರ್ಮೋನಿನ ಹೆಸರಿನಲ್ಲಿ ಕ್ಷಮಿಸಬೇಕಾಗಿಯೂ ಇಲ್ಲ.

ಮನುಷ್ಯರಲ್ಲಿ ಮುಕ್ತಾಂಶದ ವ್ಯತ್ಯಾಸವು ಅನೇಕವೇಳೆ ಬಂಧಕ ಗ್ಲಾಬ್ಯುಲಿನಿನ ಏರುಪೇರಿನಿಂದಲೇ ಒದಗುತ್ತದೆ. ವಯಸ್ಸು, ಥೈರಾಯ್ಡಿನ ಅತಿಸ್ರಾವ, ಯಕೃತ್ತಿನ ಸಿರೋಸಿಸ್ ಇವು ಗ್ಲಾಬ್ಯುಲಿನನ್ನು ಹೆಚ್ಚಿಸಿ ಮುಕ್ತಾಂಶವನ್ನು ತಗ್ಗಿಸಬಲ್ಲವು. ಬೊಜ್ಜೂ ಅಧಿಕ ಇನ್ಸುಲಿನ್ನೂ ಗ್ಲಾಬ್ಯುಲಿನನ್ನು ಕುಗ್ಗಿಸುತ್ತವೆ. ಹೀಗಾಗಿ ಪಿಸಿಓಎಸ್ ಎಂಬ ಅಂಡಾಶಯ ಸಂಬಂಧಿ ಹಾರ್ಮೋನು ದೋಷವಿರುವ ಸ್ತ್ರೀಯರಲ್ಲಿ ಒಟ್ಟು ಪ್ರಮಾಣ ಸಹಜವೆಂದು ಕಂಡರೂ ಮುಕ್ತಾಂಶ ಅಧಿಕವಾಗಿದ್ದು, ಗಲ್ಲದ ಮೇಲೆ ಕೂದಲು, ಮೊಡವೆ, ಮುಟ್ಟಿನ ಏರುಪೇರು ತೋರಬಹುದು.

ಪರೀಕ್ಷೆಗೆ ಬೆಳಗಿನ ರಕ್ತವೇ ಉಚಿತ, ಹಾರ್ಮೋನು ಆಗ ಹೆಚ್ಚಿರುತ್ತದೆ. ನೇರವಾಗಿ ಅಳೆಯುವ ನಿಖರ ವಿಧಾನ ಶ್ರಮಸಾಧ್ಯವಾದುದರಿಂದ, ಒಟ್ಟು ಟೆಸ್ಟೋಸ್ಟಿರೋನ್, ಗ್ಲಾಬ್ಯುಲಿನ್ ಹಾಗೂ ಆಲ್ಬುಮಿನ್‌ಗಳಿಂದ ಲೆಕ್ಕಹಾಕುವುದೇ ರೂಢಿ. ಮೈಕಟ್ಟಿನ ಆಸೆಯಿಂದ ವೈದ್ಯರನ್ನು ಕೇಳದೆ ಟೆಸ್ಟೋಸ್ಟಿರೋನಿನ ಚುಚ್ಚುಮದ್ದು ತೆಗೆದುಕೊಂಡರೆ, ಪಿಟ್ಯುಟರಿಯ ಪ್ರೇರಣೆ ನಿಂತು ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಉತ್ಪತ್ತಿ ಕ್ಷೀಣಿಸುತ್ತದೆ.