ಅಲ್ ಐನ್‌ನ ವಸ್ತುಸಂಗ್ರಹಾಲಯ

ಅರಬರೆಂದೊಡನೆ ಮರಳನ್ನೂ ಒಂಟೆಯನ್ನೂ ಮಾತ್ರ ನೆನೆಯುವವರಿಗೆ ಅಬೂಧಾಬಿ ಸಂಸ್ಥಾನದ ಅಲ್ ಐನ್ ಊರಿನ ವಸ್ತುಸಂಗ್ರಹಾಲಯವು ಬೇರೊಂದು ಚರಿತ್ರೆಯನ್ನು ತೋರಿಸುವುದು. ಆ ಹೆಸರಿಗೆ ಚಿಲುಮೆಯೆಂದೇ ಅರ್ಥ. 1959ರಲ್ಲಿ ಉಮ್ ಅನ್ನಾರ್ ದ್ವೀಪದಲ್ಲಿ ಡೇನಿಷ್ ವಿದ್ವಾಂಸರು ಪುರಾತನ ಗೋರಿಗಳನ್ನು ಅಗೆಯುತ್ತಿದ್ದಾಗ, ಅಲ್ ಐನ್ ಸೀಮೆಯ ಆಡಳಿತ ನಡೆಸುತ್ತಿದ್ದ ಶೇಖ್ ಜಾಯೆದರು ನೋಡಬಂದು, ಅಂತಹ ದಿಬ್ಬಗಳು ತಮ್ಮಲ್ಲಿಯೂ ಉಂಟೆಂದರು. ಹೀಗೆ ಬೆಳಕಿಗೆ ಬಂದುವು ಹಿಲಿಯ ಗೋರಿಗಳು. ವಯಸ್ಸು 4000 ವರ್ಷಗಳ ಆಸುಪಾಸು.

ಗೋರಿಗಳಿಗಿಂತಲೂ ಆಶ್ಚರ್ಯಕರವಾದುದು ಫಲಜ್ ಎಂಬ ನೀರ್ಗಾಲುವೆ. ಬೆಟ್ಟದ ತಪ್ಪಲಿನ ಅಂತರ್ಜಲವನ್ನು ನೆಲದೊಳಗಣ ಸುರಂಗದಲ್ಲಿ, ಇಳಿಜಾರಿನ ಬಲವೊಂದರಿಂದಲೇ, ಖರ್ಜೂರದ ತೋಟಗಳಿಗೆ ಹರಿಸುವ ಈ ಕೌಶಲವು ಅಲ್ಲಿ ಸುಮಾರು 3000 ವರ್ಷಗಳ ಹಿಂದೆಯೇ ಇದ್ದಿತು. ಗಡಿಯಾರವಿಲ್ಲದ ಕಾಲದಲ್ಲಿ ಆ ಸೀಮೆಯ ಜನರು ನೀರಿನ ಸರದಿಯನ್ನು ಹಗಲು ನೆರಳಿನಿಂದಲೂ ಇರುಳು ನಕ್ಷತ್ರಗಳಿಂದಲೂ ಅಳೆಯುತ್ತಿದ್ದರು. ಇಂತಹ ಜನರನ್ನು ಬರಿಯ ಅಲೆಮಾರಿಗಳೆಂದು ಕರೆದುದು ಅನ್ಯಾಯವೇ ಸರಿ.

1962ರಲ್ಲಿ ಅಬೂಧಾಬಿಯ ಎಣ್ಣೆಯು ಹೊರದೇಶಗಳಿಗೆ ಹೊರಟಿತು. ಒಂದೇ ತಲೆಮಾರಿನಲ್ಲಿ ಬಾಳಿನ ರೀತಿಯೇ ಬದಲಾಯಿತು. 1910ರಲ್ಲಿ ಕಟ್ಟಿದ ಸುಲ್ತಾನ್ ಕೋಟೆಯ ಮಗ್ಗುಲಲ್ಲಿ ಸಂಗ್ರಹಾಲಯವು ತೆರೆದುದು 1971ರ ನವೆಂಬರಿನಲ್ಲಿ; ಸಂಯುಕ್ತ ಅರಬ್ ಸಂಸ್ಥಾನಗಳ ಒಕ್ಕೂಟವು ಹುಟ್ಟಿದುದು ಅದರ ಮರುತಿಂಗಳು. ಅಗೆದು ತೆಗೆದ ಮಡಕೆಗಳೊಡನೆ ಹಳೆಯ ಮನೆಬಳಕೆಯ ಸಾಮಾನುಗಳನ್ನೂ ಅಲ್ಲಿ ಕೂಡಿಸಿದರು. ಅಂತಹವನ್ನು ಬಳಸಿ ಬಾಳಿದ ಮುದುಕರು ಆಗಿನ್ನೂ ಊರಿನಲ್ಲಿದ್ದರು.