ಕೀಲಿಕೈಯೇ ಹೆಸರಾದ ಕಥೆ

ಮನೆಯಲ್ಲಿರುವುದು ಒಂದೇ ಗಣಕಯಂತ್ರ. ಅಕ್ಕ, ತಮ್ಮ ಇಬ್ಬರೂ ಅದರಲ್ಲೇ ಪ್ರೋಗ್ರಾಮು ಬರೆದು ಗಿಟ್‌ಹಬ್‌ನ ತಂತಮ್ಮ ಖಾತೆಗೆ ಕಳುಹಿಸುತ್ತಾರೆ. ಇಬ್ಬರಿಗೂ ಬೇರೆ ಬೇರೆ ಎಸ್‌ಎಸ್‌ಎಚ್ ಕೀಲಿಕೈ ಬೇಕು. ಏಕೆ? ಇದರ ಉತ್ತರ ಇತಿಹಾಸದಲ್ಲಿದೆ.

ಹಿಂದೆ ದೂರದ ಯಂತ್ರವನ್ನು ಪ್ರವೇಶಿಸುವವರು ಹೆಸರು ಹೇಳಿ, ಗುಪ್ತಪದ ಒಪ್ಪಿಸಬೇಕಿತ್ತು. ಅದನ್ನು ದಾರಿಯಲ್ಲಿ ಯಾರಾದರೂ ಕದ್ದರೆ ಕೆಲಸ ಕೆಟ್ಟಿತು. 1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಹೊಸ ವಿಚಾರವೊಂದನ್ನು ಮುಂದಿಟ್ಟರು: ಕೀಲಿಕೈ ಜೋಡಿಯಾಗಿರಲಿ, ಒಂದು ಬಹಿರಂಗ, ಇನ್ನೊಂದು ಗುಟ್ಟು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇದಕ್ಕೆ ಗಣಿತದ ರೂಪ ಕೊಟ್ಟರು. ಗುಟ್ಟಿನ ಕೀಲಿಕೈಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಕೈಯಿಂದ ಪರೀಕ್ಷಿಸಬಹುದು. ಗುಟ್ಟು ಮಾತ್ರ ಯಂತ್ರ ಬಿಟ್ಟು ಹೊರಗೆ ಹೋಗುವುದಿಲ್ಲ.

1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವಾಯಿತು. ಅಲ್ಲಿನ ಸಂಶೋಧಕ ಟಾಟು ಯ್ಲೋನೆನ್ ಅದಕ್ಕೆ ಪರಿಹಾರವಾಗಿ ಎಸ್‌ಎಸ್‌ಎಚ್ ರಚಿಸಿದರು. 1999ರಲ್ಲಿ ಎಲ್ಲರೂ ಮುಕ್ತವಾಗಿ ಬಳಸಬಹುದಾದ ಓಪನ್‌ಎಸ್‌ಎಸ್‌ಎಚ್ ಬಂತು. ಫಿನ್‌ಲೆಂಡಿನಲ್ಲೇ ಹುಟ್ಟಿದ ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ, ಪ್ರೋಗ್ರಾಮಿನ ಒಂದೊಂದು ತಿದ್ದುಪಡಿಯನ್ನೂ ದಾಖಲಿಸುವ ಗಿಟ್ ರಚಿಸಿದರು. ಅಂಥ ದಾಖಲೆಗಳನ್ನು ಇಡುವ ತಾಣವಾದ ಗಿಟ್‌ಹಬ್ 2008ರಲ್ಲಿ ಆರಂಭವಾಯಿತು.

ಇಲ್ಲಿ ಒಂದು ಮುಖ್ಯ ಬದಲಾವಣೆಯನ್ನು ಗಮನಿಸಬೇಕು. ಎಸ್‌ಎಸ್‌ಎಚ್ ಮೂಲಕ ಗಿಟ್‌ಹಬ್‌ಗೆ ಬರುವ ಎಲ್ಲರೂ ‘ಗಿಟ್’ ಎಂಬ ಒಂದೇ ಹೆಸರಿನಿಂದ ಬರುತ್ತಾರೆ. ಬಂದವರು ಯಾರೆಂಬುದನ್ನು ಕೀಲಿಕೈ ಒಂದೇ ಹೇಳುತ್ತದೆ. ಹೆಸರಿಗೆ ಸಾಕ್ಷಿಯಾಗಿದ್ದ ಕೀಲಿಕೈ ಈಗ ತಾನೇ ಹೆಸರಾಯಿತು! ಆದ್ದರಿಂದಲೇ ಒಂದು ಕೀಲಿಕೈಯನ್ನು ಎರಡು ಖಾತೆಗಳಿಗೆ ಸೇರಿಸಲು ಗಿಟ್‌ಹಬ್ ಒಪ್ಪುವುದಿಲ್ಲ.

ಹಾಗಾದರೆ ಅಕ್ಕ, ತಮ್ಮ ಏನು ಮಾಡಬೇಕು? ಮೊದಲು ಎಸ್‌ಎಸ್‌ಎಚ್-ಕೀಜೆನ್ ಆದೇಶದಿಂದ ಇಬ್ಬರೂ ಒಂದೊಂದು ಜೋಡಿಯನ್ನು ಬೇರೆ ಬೇರೆ ಕಡತದ ಹೆಸರಿನಲ್ಲಿ ಮಾಡಿಕೊಳ್ಳಬೇಕು, ಪ್ರತಿಯೊಂದಕ್ಕೂ ಗುಪ್ತವಾಕ್ಯವಿರಲಿ. ಬಹಿರಂಗ ಭಾಗವನ್ನು ತಂತಮ್ಮ ಖಾತೆಗೆ ಸೇರಿಸಬೇಕು. ಆಮೇಲೆ ಎಸ್‌ಎಸ್‌ಎಚ್‌ನ ‘ಕಾನ್ಫಿಗ್’ ಕಡತದಲ್ಲಿ ಗಿಟ್‌ಹಬ್‌ಗೇ ಎರಡು ಅಡ್ಡಹೆಸರುಗಳನ್ನು ಕೊಟ್ಟು, ‘ಐಡೆಂಟಿಟಿಫೈಲ್’ ಎಂಬಲ್ಲಿ ಯಾವುದಕ್ಕೆ ಯಾವ ಕೀಲಿಕೈ ಎಂದು ಬರೆಯಬೇಕು. ‘ಐಡೆಂಟಿಟೀಸ್‌ಓನ್ಲಿ ಯೆಸ್’ ಎಂಬ ಸಾಲನ್ನೂ ಸೇರಿಸಬೇಕು. ಇಲ್ಲವಾದರೆ ಯಂತ್ರವು ತನ್ನಲ್ಲಿರುವ ಕೀಲಿಕೈಗಳನ್ನು ಒಂದೊಂದಾಗಿ ತೋರಿಸುತ್ತದೆ. ಮೊದಲು ಒಪ್ಪಿತವಾದದ್ದು ಅಕ್ಕನದಾದರೆ ತಮ್ಮನೂ ಅಕ್ಕನಾಗಿಯೇ ಒಳಗೆ ಹೋಗುತ್ತಾನೆ. ಕೊನೆಗೆ, ಪ್ರತಿ ಯೋಜನೆಯ ವಿಳಾಸದಲ್ಲಿ ಗಿಟ್‌ಹಬ್ ಎಂಬುದರ ಬದಲು ಆಯಾ ಅಡ್ಡಹೆಸರನ್ನು ಬಳಸಬೇಕು.

ವಿದ್ಯಾರ್ಥಿಗಳು ಮರೆಯಬಾರದ ಇನ್ನೊಂದು ಮಾತಿದೆ. ಕೀಲಿಕೈ ಬಾಗಿಲು ತೆರೆಯುತ್ತದೆ, ಆದರೆ ಕೆಲಸ ಮಾಡಿದವರ ಹೆಸರನ್ನು ಬರೆಯುವುದಿಲ್ಲ. ಆ ಹೆಸರು ಮತ್ತು ಮಿಂಚಂಚೆ ಗಿಟ್‌ನ ‘ಯೂಸರ್ ನೇಮ್’, ‘ಯೂಸರ್ ಇಮೇಲ್’ ಎಂಬ ಬೇರೆ ವಿವರಗಳಿಂದ ಬರುತ್ತವೆ. ಪ್ರತಿ ಯೋಜನೆಯಲ್ಲೂ ಅವನ್ನು ಸರಿಯಾಗಿ ತುಂಬದಿದ್ದರೆ, ತಮ್ಮ ರಾತ್ರಿಯೆಲ್ಲ ಕುಳಿತು ಬರೆದ ಪ್ರೋಗ್ರಾಮು ಅಕ್ಕನ ಹೆಸರಿನಲ್ಲಿ ದಾಖಲಾಗಿ ಉಳಿದೀತು.